ಎಡಬಾಗಿಲ ಲೆಕ್ಕ

ಬೈತಖೋಲದಲ್ಲಿ ಯಾವುದನ್ನು ತೊಳೆದರೂ
ಕೊನೆಯ ನೀರು ಉಪ್ಪೇ.
ಅರವತ್ತೆರಡರ ಫಿಯೆಟ್ಟಿನ ಹಿಂದಿನ ಸೀಟು ಎತ್ತಿದಾಗ
ಮೊದಲು ಎದ್ದದ್ದು ವಾಸನೆ:
ಒಣಸೀಗಡಿ, ಬೀಡಿ, ಯಾವುದೋ ಹಸುಗೂಸು ಕಕ್ಕಿದ ಹಾಲು.
ಆಮೇಲೆ ತೆಂಗಿನ ನಾರು,
ಮುಟ್ಟಿದರೆ ನಶ್ಯದ ಹಾಗೆ ಉದುರುವುದು.
ಐದು ಜನರ ಪರವಾನಗಿ, ಹನ್ನೊಂದು ಜನರ ಭಾರ;
ಸ್ಪ್ರಿಂಗುಗಳು ಇನ್ನೂ ಎಣಿಸುತ್ತ ಕೂತಿದ್ದವು.

ಅಂಗಳದಲ್ಲಿ, ಬಲೆ ಒಣಗಿಸುವ ಗಳದ ಕೆಳಗೆ
ಟಾರ್ಪಾಲು ಕಟ್ಟಿ ಮೂರು ತಿಂಗಳಾಯಿತು.
"ಈ ರೆಕ್ಸಿನ್ನಿನ ದುಡ್ಡಿಗೆ
ನನಗೆರಡು ರೇಷ್ಮೆ ಸೀರೆ ಬರುತ್ತಿತ್ತು" ಎನ್ನುತ್ತಾಳೆ ಶೇವಂತಿ,
ಎನ್ನುತ್ತಲೇ ಹೊಲಿಗೆಯ ಅಂತರ ಅಳೆಯಲು
ತನ್ನ ಹೆಬ್ಬೆರಳು ಚಾಚುತ್ತಾಳೆ.
ಪೈಪಿಂಗಿನ ಒಳಗಿಡುವ ಹಗ್ಗ ಪೇಟೆಯಲ್ಲಿ ಸಿಗಲಿಲ್ಲ,
ರಂಪಣಿ ಬಲೆಯ ಹಳೇ ಹುರಿ ಸೇರಿಸಿದೆವು.
ಸೀಟಿನ ಅಂಚು ಈಗ ಮುಟ್ಟಿ ನೋಡಿ,
ಬಂಗಡೆ ಹಿಡಿದ ಗೆರೆ.

ಮಾಡಿನ ಬಟ್ಟೆಯ ಕಥೆ ಬೇರೆ.
ಉಕ್ಕಿನ ಬಿಲ್ಲುಗಳು, ಒಂದಕ್ಕಿಂತ ಒಂದು ಅರ್ಧ ಬೆರಳು ಹೆಚ್ಚುಕಡಿಮೆ;
ಗುರುತು ಹಾಕಿಡು ಎಂದಿದ್ದಳು. ಹಾಕಲಿಲ್ಲ.
ಬೆನ್ನ ಮೇಲೆ ಮಲಗಿ, ಬಾಯಲ್ಲಿ ಕ್ಲಿಪ್ಪು ಕಚ್ಚಿ,
ಒಂದು ಭಾನುವಾರ ಪೂರ್ತಿ ಆಕಾಶವನ್ನು
ತಪ್ಪಾಗಿ ಜೋಡಿಸಿದೆ.
ಸೋಮವಾರ ಬಿಚ್ಚಿದೆ.

ಕಾರು ಅಪ್ಪನದು. ಬಾಡಿಗೆಯದು.
ಕಾಳಿಗೆ ಸೇತುವೆ ಇಲ್ಲದ ಕಾಲದಲ್ಲಿ
ಕೋಡಿಬಾಗದ ದಂಡೆಯಲ್ಲಿ ಜಂಗಲಿಗೆ ಹತ್ತಿಸಿ
ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಿಸಿ,
ಪ್ಯಾಸೆಂಜರುಗಳೆಲ್ಲ ಇಳಿದು ನಿಂತರೂ
ತಾನು ಮಾತ್ರ ಸೀಟು ಬಿಡುತ್ತಿರಲಿಲ್ಲ.
ಮುಳುಗಿದರೆ ಹೀಗೇ ಮುಳುಗುತ್ತೇನೆ,
ಯಾರಿಗೂ ಒಂದು ಕಾಸು ಬಾಕಿ ಇಲ್ಲ!
ಊರಿಗೆಲ್ಲ ಬಾಯಿಪಾಠ ಈ ಮಾತು.
ಸಾಲ ಕೇಳಬಂದವರನ್ನು ಇದರಿಂದಲೇ ಅಟ್ಟುತ್ತಿದ್ದ,
ನನ್ನನ್ನೂ, ಒಮ್ಮೆ,
ಮಗಳ ಫೀಸು ಕಟ್ಟುವ ವೇಳೆಗೆ.

ಎಡಬಾಗಿಲ ಒಳಹಲಗೆ ಬಿಚ್ಚಿದ್ದು ಮೊನ್ನೆ ಬುಧವಾರ.
ಹಾರ್ಡ್‌ಬೋರ್ಡಿನ ಬೆನ್ನಲ್ಲಿ, ಗೆದ್ದಲು ಬಿಟ್ಟ ಜಾಗದಲ್ಲಿ
ಪೆನ್ಸಿಲಿನ ಅಕ್ಷರ:
ಗನಿಸಾಬ ಕುಶನ್ ಕೆಲಸ. ಬಾಕಿ ರೂ. ೧೪.
ಇಸವಿಯ ಜಾಗದಲ್ಲಿ ಒಂದು ತುಕ್ಕುಮೊಳೆ.

ಬಿದ್ದು ಬಿದ್ದು ನಕ್ಕೆ.
ಶೇವಂತಿಯನ್ನು ಕೂಗಿದೆ, ಪಕ್ಕದ ಮನೆಯ ತಾಂಡೇಲನನ್ನೂ:
ಸಿಕ್ಕಿಬಿದ್ದ ನೋಡಿ ಮುದುಕ,
ಸತ್ತ ಹತ್ತೊಂಬತ್ತು ವರ್ಷಕ್ಕೆ!

ಗನಿಸಾಬನ ಮೊಮ್ಮಗ ಇಮ್ತಿಯಾಜ್
ಬಸ್‌ಸ್ಟ್ಯಾಂಡಿನ ಎದುರು ಮೊಬೈಲಿನ ಕವರು ಮಾರುತ್ತಾನೆ.
ಹತ್ತರ ನೋಟು, ಎರಡರ ಎರಡು ನಾಣ್ಯ
ಗಾಜಿನ ಮೇಲಿಟ್ಟು ಹಲಗೆ ತೋರಿಸಿದೆ.
ಓದಿದ. ಇನ್ನೊಮ್ಮೆ ಓದಿದ.
"ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ ಕಾಕಾ,
ರೇಷನ್ ಕಾರ್ಡಿಗೂ ಹೆಬ್ಬೆಟ್ಟೇ."

ಆಗ ನೋಡಿದೆ ಆ ಕ.
ಬಾಲ ಕೆಳಗಿಳಿದು, ಎಡಕ್ಕೆ ಹೊರಳಿ,
ಗಾಳದ ಕೊಕ್ಕೆಯ ಹಾಗೆ ಮೇಲೆದ್ದದ್ದು.
ನನ್ನ ಶಾಲೆಯ ಪ್ರಗತಿಪತ್ರದಲ್ಲಿ ಹತ್ತು ವರ್ಷ
ಕಂಡ ಕೊಕ್ಕೆ.

ಆ ಬಾಗಿಲನ್ನು ಇನ್ನೊಬ್ಬರಿಗೆ ತೆಗೆಯಗೊಡುತ್ತಿರಲಿಲ್ಲ ಅವನು.
ಪ್ರತಿ ಸವಾರಿಗೂ ಇಳಿದು, ಬಾನೆಟ್ಟು ಸುತ್ತಿ ಬಂದು,
ತಾನೇ ತೆಗೆದು ತಾನೇ ಹಾಕುತ್ತಿದ್ದ.
ನಾವು ಮರ್ಯಾದೆ ಎಂದುಕೊಂಡಿದ್ದೆವು.

ಇಮ್ತಿಯಾಜ್ ನೋಟು ತೆಗೆದುಕೊಂಡು
ನಾಣ್ಯಗಳನ್ನು ನನ್ನತ್ತ ಸರಿಸಿದ.
"ನಾಲ್ಕು ಇರಲಿ ಕಾಕಾ, ಬಾಕಿ.
ಗಾಡಿ ಎದ್ದ ಮೇಲೆ ತೋರಿಸಲಿಕ್ಕೆ ಬನ್ನಿ."

ಕೊಯ್ದಿಟ್ಟ ಹೊಸ ಹಲಗೆ ಗೋಡೆಗೆ ಒರಗಿಯೇ ಇದೆ.
ಹಳೆಯದರ ತೂತುಗಳಿಗೆ ಮೇಣ ತುಂಬಿ
ಮುಖಕ್ಕೆ ಅಂಟು ಬಳಿದು, ಹಸಿರು ರೆಕ್ಸಿನ್ನು ಎಳೆದೆ.
ತಿರುವಿ ಹಾಕಿ ಪೆನ್ಸಿಲು ಹುಡುಕಿದರೆ
ಸಿಕ್ಕದ್ದು ಶೇವಂತಿ ಬಟ್ಟೆಗೆ ಗುರುತು ಹಾಕುವ ಚಾಕು.
ಜಮಾ ೧೦, ಬಾಕಿ ೪ ಎಂದು ಬರೆದೆ.
ನನ್ನ ಕ ಸಪ್ಪೆ, ಅದಕ್ಕೆ ಕೊಕ್ಕೆ ಇಲ್ಲ.

ಕ್ಲಿಪ್ಪುಗಳು ಒಂದೊಂದೇ ಟಕ್ ಎಂದವು.
ಬಾಗಿಲು ಮೊದಲ ಎಳೆತಕ್ಕೆ ಕೂರಲಿಲ್ಲ.
ಎರಡನೆಯದಕ್ಕೆ ಕೂತಿತು.